ಪದ್ಮಕ್ಕ ಎಳೆ ಎಣಿಸಿದ ರೀತಿ

ಗೆಳೆಯರೇ, ಇವತ್ತು ಪದ್ಮಕ್ಕನಿಂದ ಬೈಸಿಕೊಂಡೆ. ಡಯಾಸ್ಪೊರಾ ಅಧ್ಯಯನ, ಎಂದರೆ ಮೂಲ ಊರು ಬಿಟ್ಟು ಬಂದವರ ಕುರಿತ ಓದು, ಅದಕ್ಕೆ ನಾನು ಸೇರಿ ಎರಡೇ ವಾರ. ಪ್ರಶ್ನೆಪಟ್ಟಿ ಹಿಡಿದು, ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲೇ ಮಗ್ಗ ನಡೆಸುವ ಅವರ ಬಳಿ ಹೋಗಿದ್ದೆ.

"ಅಕ್ಕಾ, ನಿಮ್ಮೋರು ಎಲ್ಲಿಂದ ವಲಸೆ ಬಂದಿದ್ದು?"

"ವಲಸೆಯಂತೆ ವಲಸೆ! ನಮ್ಮ ತಾತನೂ ಇಲ್ಲೇ ಹುಟ್ಟಿದ್ದು. ಮನೇಲೂ ಕನ್ನಡಾನೇ. ಬರ್ಕೋ!"

ಬರೆದುಕೊಂಡೆ. ಅಷ್ಟರಲ್ಲಿ ಒಂದಷ್ಟು ಎಳೆ ಕಿತ್ತುಹೋದವು. ಪದ್ಮಕ್ಕ ಮಗ್ಗ ನಿಲ್ಲಿಸಿ ಗಂಟು ಹಾಕುತ್ತಾ ಎಣಿಸತೊಡಗಿದರು: "ಒಕಟಿ, ರೆಂಡು, ಮೂಡು..."

"ಅಕ್ಕಾ, ಇದು ತೆಲುಗಲ್ವಾ?"

"ನಂಗೇನ್ ಗೊತ್ತು? ಎಳೆ ಎಣಿಸೋದು ಹಿಂಗೇ ಕಣಮ್ಮ. ನಮ್ಮಜ್ಜಿಗೆ ಅವರಜ್ಜಿ ಹೇಳ್ಕೊಟ್ಟಿದ್ದು. ಬೇರೆ ಥರ ಎಣಿಸಿದ್ರೆ ಕೈ ತಪ್ತದೆ."

ಮಗ್ಗ ಮತ್ತೆ ಶುರುವಾಯಿತು. ಎಷ್ಟು ಬಗ್ಗಿ ನೋಡಿದರೂ ಒಂದು ಗಂಟೂ ಕಣ್ಣಿಗೆ ಬೀಳಲಿಲ್ಲ. ನನ್ನ ಪಟ್ಟಿಯಲ್ಲಿ ನಲವತ್ತು ಪ್ರಶ್ನೆಗಳಿದ್ದವು. ಎಳೆ ಹೇಗೆ ಎಣಿಸುತ್ತೀರಿ ಎಂಬುದೊಂದು ಬಿಟ್ಟು!