ಕವಳಿ ಬೇಲಿಯ ಯಜಮಾನ

ನನಗೆ ಸಿಟ್ಟು ಬರುವುದು ಬೇಸಿಗೆಯಲ್ಲಿ, ಕವಳಿ ಹಣ್ಣು ಕಪ್ಪಾಗುವ ಹೊತ್ತಿಗೆ ಸರಿಯಾಗಿ. ಉಳಿದ ತಿಂಗಳುಗಳಲ್ಲಿ ನಾನು ಸಭ್ಯನೇ. ಬೇಕಾದರೆ ಮೋಟೆಬೆನ್ನೂರಿನಲ್ಲಿ ಯಾರನ್ನಾದರೂ ಕೇಳಿ, ನನ್ನ ಹೆಂಡತಿಯೊಬ್ಬಳನ್ನು ಬಿಟ್ಟು.

ನಮ್ಮ ಮೆಣಸಿನಕಾಯಿ ಹೊಲದ ಸುತ್ತ ಕವಳಿಯ ಮುಳ್ಳುಬೇಲಿ ಇದೆ. ತಾನಾಗಿ ಹುಟ್ಟಿದ್ದಲ್ಲ. ನಾನೇ ಗುಡ್ಡದ ಹಣ್ಣಿನ ಬೀಜ ತಂದು, ಸಸಿ ಮಾಡಿ, ಬದುವಿನುದ್ದಕ್ಕೂ ನೆಟ್ಟು, ಕೊಡದಲ್ಲಿ ನೀರು ಹೊತ್ತು ಬೆಳೆಸಿದ್ದು. ಬಿಡಿಸುವಾಗ ಮುಳ್ಳು ಕೈ ಗೀರುತ್ತದೆ, ತೊಟ್ಟಿನ ಹಾಲು ಬೆರಳಿಗೆ ಅಂಟುತ್ತದೆ. ಆ ಹಣ್ಣನ್ನು ನನ್ನ ಹೆಂಡತಿ ಶಾಂತವ್ವ ಮುತ್ತಲ ಎಲೆಯ ದೊನ್ನೆಗೆ ತುಂಬಿ ಬ್ಯಾಡಗಿ ಸಂತೆಯಲ್ಲಿ ಮಾರುತ್ತಾಳೆ. ಮಾರುತ್ತಾಳೆ ಎಂದರೆ, ಏನಾದರೂ ಉಳಿದಿದ್ದರೆ.

ನಮ್ಮ ಜನರ ನ್ಯಾಯವೇ ವಿಚಿತ್ರ. ಕಣದಲ್ಲಿ ಹರವಿದ ಮೆಣಸಿನಕಾಯಿಗೆ ಕಾವಲಿಲ್ಲದಿದ್ದರೂ ಒಂದನ್ನೂ ಯಾರೂ ಮುಟ್ಟುವುದಿಲ್ಲ. ಅದು ಬೆಳೆ. ಕವಳಿ ಮಾತ್ರ ಕಾಡಹಣ್ಣು. ಕಾಡಹಣ್ಣೆಂದರೆ ದೇವರ ಹಣ್ಣು. ದೇವರ ಹಣ್ಣೆಂದರೆ ಮೊದಲು ಎದ್ದವನ ಹಣ್ಣು. ಬೇಲಿಯೇ ಎದ್ದು ಹೊಲ ಮೇಯ್ದರೆ ಏನು ಗತಿ ಎಂದು ಹಿರಿಯರು ಗಾದೆ ಕಟ್ಟಿದರು. ಊರೇ ಎದ್ದು ಬೇಲಿ ಮೇಯ್ದರೆ ಏನು ಮಾಡಬೇಕೆಂದು ಒಬ್ಬರೂ ಹೇಳಿ ಹೋಗಲಿಲ್ಲ.

ಕಳೆದ ಬೇಸಿಗೆಯಲ್ಲಿ ಹೆದ್ದಾರಿಯಿಂದ ಒಂದು ಕಾರು ಇಳಿದು ಬಂತು. ಇಸ್ತ್ರಿ ಅಂಗಿಯ ಸಾಹೇಬರೊಬ್ಬರು ಊಟದ ಡಬ್ಬಿಯ ತುಂಬ ನಮ್ಮ ಹಣ್ಣು ಹರಿದುಕೊಳ್ಳುತ್ತಿದ್ದರು. ಕೇಳಿದರೆ, "ಕಾಡಹಣ್ಣಿಗೆ ಇಷ್ಟ್ಯಾಕ ಸಿಟ್ಟಾಗ್ತೀರಿ, ಅಜ್ಜಾರ?" ಎಂದರು. ಹಣ್ಣು ಹೋದದ್ದಕ್ಕಿಂತ ಆ 'ಅಜ್ಜಾರ' ಹೆಚ್ಚು ಉರಿಸಿತು.

ಈ ಸಲ ಸಂತೆಯ ದಿನ ಮುಂಜಾನೆ ಶಾಂತವ್ವ ಬುಟ್ಟಿ ಹಿಡಿದು ಹೋದರೆ ಬೇಲಿಯಲ್ಲಿ ಬರೀ ಹಸಿ ಕಾಯಿ. ಬುಟ್ಟಿಯನ್ನು ನನ್ನ ಕಾಲ ಬುಡಕ್ಕೆ ಒಗೆದಳು. "ಕಡದ ಒಗೀರಿ ಇದನ್ನ. ತಂತಿ ಬೇಲಿ ಹಾಕ್ರಿ. ತಂತಿನ್ನ ಯಾರೂ ತಿನ್ನಂಗಿಲ್ಲ." ಅವಳ ಕಣ್ಣಲ್ಲಿ ನೀರಿತ್ತು. ನಾನು ಕೊಡಲಿ ತಂದೆ.

ಮೊದಲ ಏಟಿಗೇ ಪಕ್ಕದ ಹೊಲದ ಬಸಣ್ಣ ಓಡಿ ಬಂದ. ಅವನ ತುಟಿ ಇನ್ನೂ ಕಪ್ಪಗಿತ್ತು.

"ಏ ಮಾರಾಯಾ, ನಮ್ಮ ಕವಳಿ ಗಿಡಾ ಯಾಕ ಕಡಿಯಾಕತ್ತೀ?"

ನಮ್ಮ! ಕೊಡಲಿಯನ್ನು ಇನ್ನು ಯಾವುದರ ಮೇಲೆ ಎತ್ತಬೇಕೆಂದು ಒಂದು ಕ್ಷಣ ಯೋಚಿಸಿದೆ. ಆಮೇಲೆ ಅದನ್ನು ಬಿಸಾಕಿ, ನೀರಿನ ಕೊಡ ತಂದು ಅವನ ಮುಂದೆ ಕುಕ್ಕಿದೆ. "ನಮ್ಮ ಗಿಡಾ ಅಂತೀಯೇನು? ಹಂಗಾದ್ರ ನೀರ ಹಾಕು."

ಬಸಣ್ಣ ನಿಜವಾಗಿಯೂ ಬೆರಗಾದ. "ನಿನ್ನ ಗಿಡಕ್ಕ ನಾ ಯಾಕ ನೀರ ಹಾಕ್ಲಿ?"

ಶಾಂತವ್ವ ಕಣ್ಣೊರೆಸಿಕೊಂಡು ನಕ್ಕೇಬಿಟ್ಟಳು; ಬುಟ್ಟಿಯನ್ನೂ ಎತ್ತಿಕೊಂಡಳು. ಏಟು ಬಿದ್ದ ಗಿಡದ ಬುಡಕ್ಕೆ ನಾನೇ ನೀರು ಹೊಯ್ದೆ. ಈಗಲೂ ಬೈಯುತ್ತಲೇ ಹೊಯ್ಯುತ್ತೇನೆ. ಸಿಟ್ಟೇನೂ ಇಳಿದಿಲ್ಲ. ಆದರೆ ನೀರು ಹಾಕುವ ಹೊತ್ತಿನಲ್ಲಾದರೂ ಅದು ನನ್ನ ಗಿಡವೆಂದು ಊರು ಒಪ್ಪಿಕೊಂಡಿತಲ್ಲ.