ನಾಯಕ ಸತ್ತ ಮೇಲಿನ ಮಾತು

ದುರಂತ ನಾಯಕ ಅಂದರೆ ಯಾರು ಅಂತ ಇವತ್ತಿಗೂ ಯಾರಾದರೂ ಕೇಳಿದರೆ ನನಗೆ ನೆನಪಾಗೋದು ಬೇಲೂರು ಕಾಲೇಜಿನ ನಮ್ಮ ಕನ್ನಡ ಮೇಷ್ಟ್ರೇ. ನಮ್ಮೂರು ಹಗರೆಯಿಂದ ಬಸ್ಸಲ್ಲಿ ನೇತಾಡಿಕೊಂಡು ಬಂದು ನಾನು ಮೊದಲ ಬೆಂಚಲ್ಲೇ ಕೂರುತ್ತಿದ್ದೆ. "ದೊಡ್ಡ ಮನುಷ್ಯ, ಅವನೊಳಗೆ ಒಂದೇ ಒಂದು ಕುಂದು, ಆ ಕುಂದಿನಿಂದಲೇ ಅವನ ಪತನ. ಅದೇ ದುರಂತ ದೋಷ, ಬರ್ಕೊಳ್ಳಿ" ಅನ್ನೋರು. ಬರ್ಕೊಂಡೆ. ನಾಟಕೀಯ ವ್ಯಂಗ್ಯ ಅಂದರೆ ಪಾತ್ರಕ್ಕೆ ಗೊತ್ತಿಲ್ಲದ್ದು ನೋಡೋರಿಗೆ ಗೊತ್ತಿರೋದು. ಅದನ್ನೂ ಬರ್ಕೊಂಡೆ. ಸುಳ್ಳು ಯಾಕೆ ಹೇಳಲಿ, ಪಾಠ ಚೆನ್ನಾಗೇ ಮಾಡ್ತಿದ್ದರು.

ಪಠ್ಯದಲ್ಲಿದ್ದ ನಾಟಕವನ್ನೇ ವಾರ್ಷಿಕೋತ್ಸವಕ್ಕೆ ಆಡೋದು ಅಂತಾಯ್ತು. ಹೆಂಡತಿ ಬೇಡ ಬೇಡ ಅಂದರೂ ಯುದ್ಧಕ್ಕೆ ಹೋಗಿ ಸಾಯೋ ರಾಜನ ಕಥೆ. ರಾಜ ಮೇಷ್ಟ್ರೇ, ಕೇಳಬೇಕಾ! ರಾಣಿ ನಾನು. ಕೊನೆಗೆ ಗಂಡನ ಹೆಣದ ಮುಂದೆ ಕೂತು ರಾಣಿ ಆಡೋ ಪ್ರಲಾಪ ಉದ್ದಕ್ಕೆ ಇತ್ತು. ಹಾಲು ಕರೆಯುವಾಗ, ಡೇರಿಗೆ ಹೋಗುವಾಗ ಒದರಿ ಒದರಿ ಬಾಯಿಪಾಠ ಮಾಡಿದೆ. ಆ ಮಾತು ರಂಗದ ಮೇಲೆ ಆಡಬೇಕು ಅನ್ನೋದು ಬಿಟ್ಟರೆ ಆ ವರ್ಷ ನನಗೆ ಬೇರೆ ಆಸೆಯೇ ಇರಲಿಲ್ಲ.

ನಾಟಕ ಇನ್ನೇನು ಹತ್ತಿರ ಬಂತು ಅನ್ನುವಾಗ ಮೇಷ್ಟ್ರು ಎಲ್ಲರೆದುರಿಗೆ, "ರಾಣಿ ಬಾಯಿ ತೆಗೆದರೆ ಸಗಣಿ ವಾಸನೆ ಬರುತ್ತಲ್ಲಮ್ಮಾ! ನೀನು ಪರದೆ ಎಳಿ, ಸಾಕು" ಅಂದರು. ಎಲ್ಲಾ ಗೊಳ್ ಅಂತ ನಕ್ಕರು. ರಾಣಿ ಪಾತ್ರ ಅರಸೀಕೆರೆ ಕಡೆಯ ಒಬ್ಬಳಿಗೆ ಹೋಯ್ತು. ಅವಳಿಗೆ ಪ್ರಲಾಪ ಬಾಯಿಗೇ ಬರಲಿಲ್ಲ. ಅದಕ್ಕೇನಂತೆ, ಮೇಷ್ಟ್ರು ಅದನ್ನೇ ಕತ್ತರಿಸಿ ಬಿಸಾಕಿದರು. "ನಾಯಕ ಸತ್ತ ಮೇಲೆ ಒಂದು ಮಾತೂ ಇರಬಾರದು. ನಾನು ಬಿದ್ದ ತಕ್ಷಣ ಪರದೆ." ನನ್ನ ಹೊಟ್ಟೆ ಉರಿದುಹೋಯ್ತು. ಅತ್ತೆನಾ? ಥೂ, ಅಳೋಕೆ ನಾನೇನು ರಾಣಿಯೇ! ಆಯ್ತು ಸಾರ್ ಅಂದೆ.

ನಾಟಕದ ಸಂಜೆ ಮೈದಾನದ ತುಂಬ ಜನ. ಹಗರೆ, ಹಳೇಬೀಡು ಕಡೆಯಿಂದ ನಮ್ಮವರೂ ಬಂದಿದ್ದರು. ಮೇಷ್ಟ್ರು ಎದೆಗೆ ಬಾಣ ನೆಟ್ಟುಕೊಂಡು, ಉದ್ದಾನುದ್ದ ಸ್ವಗತ ಹೇಳಿ ದೊಪ್ಪನೆ ಬಿದ್ದರು. ಹಗ್ಗ ನನ್ನ ಕೈಯಲ್ಲಿತ್ತು. ಎಳೆಯಲಿಲ್ಲ. ಕಂಬಕ್ಕೆ ಸುತ್ತಿ ಗಂಟು ಹಾಕಿ, ದುಪಟ್ಟಾ ತಲೆಗೆ ಹೊದ್ದು ರಂಗಕ್ಕೆ ನಡೆದೆ. ಹೆಣದ ತಲೆ ಹತ್ತಿರ ಕೂತು ನಮ್ಮೂರ ಮಾತಲ್ಲೇ ಶುರು ಮಾಡಿದೆ.

"ಏಳೋ ನನ್ ದೊರೆ! ಬ್ಯಾಡ ಬ್ಯಾಡ ಅಂದೆ, ಕೇಳಿದ್ಯಾ? ನನ್ ಮಾತು ಕಸ ಆಯ್ತಾ ನಿಂಗೆ? ಈಗ ಮಣ್ಣಲ್ಲಿ ಬಿದ್ದಿದ್ಯಲ್ಲ, ಎಲ್ಲೋಯ್ತು ನಿನ್ ದರ್ಪ?"

ಪುಸ್ತಕದ್ದು ಅರ್ಧ, ನನ್ನದು ಅರ್ಧ. ನಾಟಕೀಯ ವ್ಯಂಗ್ಯ ಆವತ್ತು ಉಲ್ಟಾ ಆಗಿತ್ತು: ನೋಡೋರಿಗೆ ಏನೂ ಗೊತ್ತಿಲ್ಲ, ಹೆಣಕ್ಕೆ ಎಲ್ಲಾ ಗೊತ್ತು. ಎದ್ದು ಬೈಯೋಣ ಅಂದರೆ ಸತ್ತಿದ್ದಾರೆ, ಪಾಪ! ಮುಂದಿನ ಸಾಲಲ್ಲಿ ಪ್ರಿನ್ಸಿಪಾಲರು ಬೇರೆ. ಕಿವಿ ಮಾತ್ರ ಕೆಂಪಗಾಗಿತ್ತು. ಹೆಂಗಸರು ಸೆರಗಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ನನಗೆ ಒಂದು ಹನಿ ಬರಲಿಲ್ಲ. ಖುಷಿ, ಬರೀ ಖುಷಿ.

ಮುಗಿಸಿ ಏಳೋಷ್ಟರಲ್ಲಿ ಹಿಂದಿನಿಂದ ಯಾರೋ "ಒನ್ಸ್ ಮೋರ್!" ಅಂದರು. ಆಮೇಲೆ ಮೈದಾನಕ್ಕೆ ಮೈದಾನವೇ ಕೂಗಿತು. ನಮ್ಮ ಕಡೆ ಪೌರಾಣಿಕ ನಾಟಕಗಳಲ್ಲಿ ಜನ ಒನ್ಸ್ ಮೋರ್ ಅಂದರೆ ಮತ್ತೆ ಆಡಲೇಬೇಕು, ಇಲ್ಲದಿದ್ದರೆ ಮುಂದಕ್ಕೇ ಬಿಡೋದಿಲ್ಲ. ಮೇಷ್ಟ್ರು ಮೆಲ್ಲಗೆ ಕಣ್ಣು ತೆರೆದು, "ಪರದೆ ಎಳಿಯಮ್ಮಾ, ನಿನ್ನ ಕಾಲಿಗೆ ಬೀಳ್ತೀನಿ" ಅಂದರು, ಹಲ್ಲು ಕಚ್ಚಿಕೊಂಡೇ.

ನಾನು ಬಗ್ಗಿ ಅಂಗೈಯಿಂದ ಅವರ ಕಣ್ಣು ಮುಚ್ಚಿದೆ. ಜನ ಅದಕ್ಕೂ ಅತ್ತರು.

"ಸುಮ್ನೆ ಮಲಗಿ ಸಾರ್," ಅಂದೆ ಕಿವಿಯಲ್ಲಿ. "ಈ ಸಲ ಪುಸ್ತಕದ್ದು ಒಂದು ಮಾತೂ ಇರಲ್ಲ. ಪೂರ್ತಿ ನಂದೇ."