ಸ್ಕರ್ಟಿನ ಒಳಮಡಿಕೆ

ನೈರೋಬಿಗೆ ಬರುವ ಮೊದಲು ನಾನು ಢಾಕಾದ ಗಾರ್ಮೆಂಟ್ಸ್ ಒಂದರಲ್ಲಿ ಕಟಿಂಗ್ ನೋಡಿಕೊಳ್ಳುತ್ತಿದ್ದೆ. ಆ ಊರಿನ ಅನ್ನವೇ ಹೊಲಿಗೆ. ಒಂದೊಂದು ಉಡುಪಿನಲ್ಲೂ ಬೆರಳಗಲ ಬಟ್ಟೆ ಉಳಿಸಿದರೆ ಅದೇ ಲಾಭ ಎಂದು ಅಲ್ಲೇ ಕಲಿತೆ. ಇಲ್ಲಿ ಇಂಡಸ್ಟ್ರಿಯಲ್ ಏರಿಯಾದ ಸಣ್ಣ ಕಾರ್ಖಾನೆಗೆ ಸೇರಿದ ಮೇಲೆ ಅದೇ ಢಾಕಾ ನನ್ನ ಎದುರಾಳಿಯಾಯಿತು.

ನೈರೋಬಿಯದೇ ಬಡಾವಣೆಯಾದ ಕಸರಾನಿಯ ಶಾಲೆಯೊಂದಕ್ಕೆ ವರ್ಷಗಳಿಂದ ನಮ್ಮದೇ ಯೂನಿಫಾರ್ಮ್. ಈ ಸಲ ವ್ಯಾಪಾರಿಯೊಬ್ಬ ಢಾಕಾದ ಸ್ಕರ್ಟುಗಳನ್ನು ಅಗ್ಗಕ್ಕೆ ಕೊಡುತ್ತೇನೆಂದ. ಆರ್ಡರ್ ಕೈತಪ್ಪಿದರೆ ನಮ್ಮ ಹೊಲಿಗೆ ವಿಭಾಗಕ್ಕೆ ಬೀಗ. ಟೈಲರ್ ಹೆಂಗಸರೆಲ್ಲ ಮನೆಗೆ, ಜೊತೆಗೆ ನಾನೂ. ಮೈಸೂರಿನವರಾದ ನಮ್ಮ ಮಾಲೀಕರು ನಮ್ಮ ಸ್ಕರ್ಟನ್ನು ತಿರುಗಿಸಿ, ಕೆಳ ಅಂಚಿನೊಳಗೆ ಅಂಗೈಯಗಲ ಮಡಿಚಿ ಹೊಲಿದಿದ್ದ ಬಟ್ಟೆಯನ್ನು ತೋರಿಸಿದರು.

“ಮೇಡಂ, ಇಷ್ಟೊಂದ್ ಬಟ್ಟೆ ಯಾಕ್ ವೇಸ್ಟು? ಕಟ್ ಮಾಡ್ಸಿ, ರೇಟ್ ಇಳ್ಸೋಣ. ಹಾಸಿಗೆ ಇದ್ದಷ್ಟು ಕಾಲು ಚಾಚ್ಬೇಕು.”

ನನಗೋ ಮೂಗಿನ ತುದಿಯಲ್ಲೇ ಕೋಪ. “ಮಕ್ಕಳ ಕಾಲು ಹಾಸಿಗೆ ನೋಡ್ಕೊಂಡು ಬೆಳಿಯಲ್ಲ ಸರ್. ನಾನ್ ಕಟ್ ಮಾಡ್ಸಲ್ಲ,” ಎಂದೆ.

ಅಮ್ಮ ಹೊಲಿಸುತ್ತಿದ್ದ ನನ್ನ ಲಂಗಗಳಿಗೂ ಇಂಥದೇ ಮಡಿಕೆ ಇರುತ್ತಿತ್ತು. ಅದನ್ನು ಬಿಚ್ಚಿ ಇಳಿಸಿದಾಗ, ಮಾಸಿದ ಲಂಗದ ಅಂಚಿಗೆ ಮಾತ್ರ ಹೊಸ ಬಟ್ಟೆಯ ಗಾಢ ಬಣ್ಣ. ಹಾಕಿಕೊಳ್ಳಲು ನಾಚಿಕೆಯಾಗುತ್ತಿತ್ತು, ಆದರೂ ಇನ್ನೊಂದು ವರ್ಷ ಅದೇ ಲಂಗ.

ಕೊನೆಗೆ ಮಡಿಕೆಯೂ ರೇಟೂ ಹಾಗೇ ಉಳಿದವು. ಯಾವುದು ಬೇಕೆಂದು ಆರಿಸಲು ಶಾಲೆ ಕರೆದ ಪೋಷಕರ ಸಭೆಯಲ್ಲಿ ಎರಡೂ ಸ್ಕರ್ಟುಗಳನ್ನು ಮೇಜಿನ ಮೇಲಿಟ್ಟರು. ಢಾಕಾದ್ದಕ್ಕೆ ಹೆಸರಿಡುವಂತಿರಲಿಲ್ಲ, ಅಷ್ಟು ಅಚ್ಚುಕಟ್ಟು. ಬೆಲೆ ಕೇಳಿದ್ದೇ ತಡ, ಎಲ್ಲರ ಕೈಯೂ ಅದರ ಮೇಲೆಯೇ. ಮಾಲೀಕರು ನನ್ನ ಮುಖ ನೋಡಲಿಲ್ಲ.

ಆಗ ಹಿಂದಿನ ಸಾಲಿನಿಂದ ತಾಯಿಯೊಬ್ಬಳು ಎದ್ದು ಬಂದಳು. ಢಾಕಾದ ಸ್ಕರ್ಟಿನ ಅಂಚನ್ನು ಮಗುಚಿ ನೋಡಿ, ಪಕ್ಕದಲ್ಲಿದ್ದ ಮಗಳನ್ನು ಎಲ್ಲರಿಗೂ ಕಾಣುವಂತೆ ನಿಲ್ಲಿಸಿದಳು. ಹುಡುಗಿ ತೊಟ್ಟಿದ್ದದ್ದು ನಮ್ಮ ಹಳೆಯ ಸ್ಕರ್ಟು. ಮಾಸಿದ ನೀಲಿಯ ಕೆಳಗೆ ಅಂಗೈಯಗಲದ ಗಾಢ ನೀಲಿ ಪಟ್ಟಿ.

“ಇವಳು ಎತ್ತರ ಆದಳು, ಇದೂ ಆಯಿತು. ಆ ಅಗ್ಗದ್ದನ್ನು ಎಲ್ಲಿಂದ ಇಳಿಸಲಿ? ವರ್ಷ ವರ್ಷ ಕೊಳ್ಳಬೇಕಾ?” ಎಂದು ಸ್ವಾಹಿಲಿಯಲ್ಲಿ ಕೇಳಿದಳು.

ತಾಯಂದಿರೆಲ್ಲ ನಮ್ಮ ಸ್ಕರ್ಟಿನ ಒಳಗೆ ಬೆರಳು ಹಾಕಿ ನೋಡತೊಡಗಿದರು. ಆರ್ಡರ್ ನಮಗೇ ಬಂತು. ನಾನು ಆ ಹುಡುಗಿಯ ಕೈ ಹಿಡಿದು “ಅಸಾಂಟೆ” ಎಂದು ಅವರ ಭಾಷೆಯಲ್ಲೇ ಥ್ಯಾಂಕ್ಸ್ ಹೇಳಿದೆ. ಗೆದ್ದ ಖುಷಿಗೆ ಕಣ್ಣು ತುಂಬಿತ್ತು.

ಮರುದಿನ ಮಾಲೀಕರು ಕಟಿಂಗ್ ಮೇಜಿನ ಹತ್ತಿರ ಬಂದು ಸ್ಕರ್ಟಿನ ಒಳಮಡಿಕೆಯನ್ನು ಬೆರಳಿಟ್ಟು ಅಳೆದರು.

“ಮೇಡಂ, ಇನ್ನೊಂದ್ ಬೆರಳು ಜಾಸ್ತಿ ಬಿಡೋಣ್ವಾ?”